ಮೋರೇರ ಗುಡ್ಡ ಹತ್ತುವ ಮುಂಚೆ ಗವಿಯಲ್ಲಿ ಅರ್ಧ ಗಂಟೆ ಕೂರಿ

ಬೆಂಗಳೂರಿನಿಂದ ಹಿರೇಬೆಣಕಲ್ಲಿಗೆ ಹೋಗಿ ಬಂದವರ ಫೋಟೋಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಕಲ್ಲುಮನೆಗಳ ಸಾಲಿನ ಮುಂದೆ ನಿಂತದ್ದು, ಚಪ್ಪಡಿಯ ದುಂಡು ಕಿಂಡಿಯಿಂದ ಮುಖ ಹೊರಗೆ ಹಾಕಿದ್ದು, ನಗಾರಿ ಕಲ್ಲಿನ ಕೆಳಗೆ ಕೈ ಎತ್ತಿದ್ದು. ಅಲ್ಲಿಗೆ ಹತ್ತುವ ಹಾದಿಯ ಆಸುಪಾಸಿನಲ್ಲೇ ಕಲ್ಲಾಸರೆಗಳಿವೆ, ಅಂದರೆ ಬಂಡೆಯಡಿಯ ಗವಿಗಳು, ಅವುಗಳೊಳಗೆ ಕೆಮ್ಮಣ್ಣಿನ ಚಿತ್ರಗಳಿವೆ. ಹೆಚ್ಚಿನವರು ಅವನ್ನು ದಾಟಿ ಹೋಗಿಬಿಡುತ್ತಾರೆ. ನಿಂತವರೂ ಎರಡೇ ನಿಮಿಷಕ್ಕೆ ‘ಏನೂ ಕಾಣ್ತಿಲ್ಲ ಬಿಡು’ ಅಂತ ಮೇಲೆ ಹೊರಡುತ್ತಾರೆ. ಚಿತ್ರ ಮಾಸಿದೆ ಅನ್ನುವುದು ಅರ್ಧ ಕಾರಣ ಮಾತ್ರ. ಹೋದ ಹೊತ್ತು, ನಿಂತ ಜಾಗ, ಬಿಸಿಲಿನಿಂದ ನೇರ ಒಳಗೆ ಬಂದ ಕಣ್ಣು, ಇವು ಉಳಿದರ್ಧ. ಈ ಮೂರನ್ನೂ ಸರಿಮಾಡಿಕೊಳ್ಳಬಹುದು.

ಜಾಗದ ಪರಿಚಯ ಚುಟುಕಾಗಿ. ಕೊಪ್ಪಳ ಜಿಲ್ಲೆ, ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು 10 ಕಿ.ಮೀ. ಊರು ಹಿರೇಬೆಣಕಲ್. ಮೇಲಿನ ಗುಡ್ಡಸಾಲಿಗೆ ಸ್ಥಳೀಯರು ಏಳು ಗುಡ್ಡಗಳು ಅಂತಲೂ ಮೋರೇರ ಗುಡ್ಡ ಅಂತಲೂ ಹೇಳುತ್ತಾರೆ. ಮೋರೇರು ಅಂದರೆ ಹಿಂದೆ ಇಲ್ಲಿದ್ದ ಮೂರಡಿ ಎತ್ತರದ ಕುಳ್ಳ ಜನ, ಆ ಕಲ್ಲುಮನೆಗಳು ಅವರವು ಅನ್ನುವುದು ಸೀಮೆಯ ಕತೆ. ನಿಜದಲ್ಲಿ ಅವು ದೊಡ್ಡ ಕಲ್ಲುಗಳಿಂದ ಗೋರಿ ಕಟ್ಟುತ್ತಿದ್ದ ಬೃಹತ್ ಶಿಲಾ ಸಂಸ್ಕೃತಿಯ ಸಮಾಧಿ ಸ್ಮಾರಕಗಳು, ಸುಮಾರು 400. ಕ್ರಿ.ಪೂ. 800ರಿಂದ 200ರ ನಡುವಿನವು ಎಂದು ಕಾಲ ಹೇಳುವುದು ರೂಢಿ. ನಿಜಾಮನ ಸೇವೆಯಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1835ರಲ್ಲೇ ಇವನ್ನು ಗುರುತಿಸಿದ್ದ. 2021ರಿಂದ ಈ ಜಾಗ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿದೆ. ಚಿತ್ರಗಳಿರುವ ಕಲ್ಲಾಸರೆಗಳು ಹತ್ತು-ಹನ್ನೊಂದು, ಆದರೆ ಪ್ರವಾಸಿಗರ ಮಾತಿನಲ್ಲಿ ಅವು ಬರುವುದು ಕೊನೆಗೆ.

ಕಲ್ಲಾಸರೆ ಅಂದರೆ ಅಜಂತಾದ ಥರ ಕೊರೆದ ಗುಹೆ ಅಲ್ಲ, ಸುಣ್ಣಕಲ್ಲಿನ ನಾಡಿನ ಸುರಂಗದಂಥ ಗುಹೆಯೂ ಅಲ್ಲ. ಬಂಡೆಯ ಕೆಳಗಿನ ನೆರಳು, ಅಷ್ಟೇ. ರಾಮನಗರದ ಬೆಟ್ಟಗಳಲ್ಲಿ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಅಲ್ಲಿನ ಕಲ್ಲಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಹೆಸರಿಟ್ಟಿದ್ದಾರೆ, ವಯಸ್ಸು ಸುಮಾರು 250 ಕೋಟಿ ವರ್ಷ. ಅದು ಉತ್ತರಕ್ಕೆ ಪಟ್ಟಿಯಾಗಿ ಹಂಪಿ ಸೀಮೆಯವರೆಗೂ ಹೋಗುತ್ತದೆ. ಗ್ರಾನೈಟಿನಲ್ಲಿ ಬಿರುಕುಗಳು ಚೌಕಟ್ಟಿನಂತೆ ಇರುತ್ತವೆ. ನೀರು ಆ ಬಿರುಕಿನಲ್ಲಿಳಿದು ಮೂಲೆಗಳನ್ನು ಮೊದಲು ತಿನ್ನುತ್ತದೆ, ಚೌಕ ಹೋಗಿ ಗುಂಡು ಉಳಿಯುತ್ತದೆ. ಸುತ್ತಲಿನ ಗರಸು ಕೊಚ್ಚಿಹೋದಾಗ ಗುಂಡಿನ ಮೇಲೆ ಗುಂಡು ಕೂತಂತೆ ಕಾಣುತ್ತದೆ. ಎರಡು ಗುಂಡುಗಳ ಸಂದು, ಇಲ್ಲವೇ ಅಡಿಭಾಗ ಸವೆದು ಮುಂದಕ್ಕೆ ಚಾಚಿದ ಒಂದೇ ಗುಂಡಿನ ತಳ, ಇದೇ ಕಲ್ಲಾಸರೆ. ಮಳೆ ಬೀಳದ, ಗಾಳಿ ಆಡುವ, ಕೆಳಗಿನ ಬಯಲು ಕಾಣುವ ಜಾಗ. ದನ ಮೇಯಿಸುವವನಿಗೆ ಇದಕ್ಕಿಂತ ಬೇರೇನು ಬೇಕು?

ಹಾಗಾಗಿ ಕೊಪ್ಪಳಕ್ಕೆ ಹೊರಡುವ ಮುಂಚೆ ಒಂದು ಭಾನುವಾರ ರಾಮನಗರದ ಕಡೆಗೋ ಸಾವನದುರ್ಗದ ಕಡೆಗೋ ಹೋಗಿ ಒಂದು ವಿಷಯ ಗಮನಿಸಿ ಬನ್ನಿ: ಚಾಚಿದ ಬಂಡೆಯ ಅಂಚಿನಿಂದ ಮಳೆನೀರು ಎಲ್ಲಿಗೆ ತೊಟ್ಟಿಕ್ಕುತ್ತದೆ ಅನ್ನುವುದು. ನೆಲದಲ್ಲಿ ಸಣ್ಣ ಹರಳುಗಳು ಗೆರೆ ಎಳೆದಂತೆ ಬಿದ್ದಿರುತ್ತವೆ, ಮಣ್ಣು ಅಲ್ಲಿ ತಗ್ಗಾಗಿರುತ್ತದೆ. ಗೋಡೆಯ ಮೇಲಾದರೆ ಕಪ್ಪು ಪಟ್ಟಿಗಳು ಇಳಿದಿರುತ್ತವೆ. ಈ ತೊಟ್ಟಿನ ಗೆರೆಯಿಂದ ಹೊರಗೆ ಚಿತ್ರ ಇದ್ದರೂ ಉಳಿದಿರುವುದಿಲ್ಲ. ಒಳಗೆ ಹುಡುಕಬೇಕು. ಇಷ್ಟು ತಿಳಿದರೆ ಹುಡುಕುವ ಗೋಡೆ ಮೂರರಲ್ಲೊಂದಾಗುತ್ತದೆ.

ಹೋಗುವ ವ್ಯವಸ್ಥೆ. ಶುಕ್ರವಾರ ರಾತ್ರಿ ರೈಲು ಹಿಡಿದರೆ ಬೆಳಗ್ಗೆ ಹೊಸಪೇಟೆ, ಅಲ್ಲಿಂದ ರಸ್ತೆಯಲ್ಲಿ ಗಂಗಾವತಿ. ಮೆಜೆಸ್ಟಿಕ್ಕಿನಿಂದ ಗಂಗಾವತಿಗೆ ರಾತ್ರಿ ಬಸ್ಸೂ ಉಂಟು. ನನ್ನನ್ನು ಕೇಳಿದರೆ ಬಂದ ದಿನವೇ ಹತ್ತಬೇಡಿ. ಹೊಸಪೇಟೆ ಮುಟ್ಟಿ, ತಿಂಡಿ ತಿಂದು, ಗುಡ್ಡದ ಬುಡಕ್ಕೆ ಬರುವಷ್ಟರಲ್ಲಿ ಹತ್ತೂವರೆ ಆಗಿರುತ್ತದೆ, ಆ ಹೊತ್ತಿಗೆ ಕಲ್ಲು ಕಾದಿರುತ್ತದೆ. ಶನಿವಾರ ಆನೆಗುಂದಿ ಕಡೆ ಹೋಗಿ ಒನಕೆ ಕಿಂಡಿಯ ಚಿತ್ರಗಳನ್ನು ನೋಡಿ. ಅಲ್ಲಿ ಹತ್ತುವುದು ಕಡಿಮೆ, ಕಣ್ಣಿಗೆ ಅಭ್ಯಾಸವೂ ಆಗುತ್ತದೆ. ರಾತ್ರಿ ಗಂಗಾವತಿಯಲ್ಲಿ ಉಳಿದು ಭಾನುವಾರ ಬೆಳಕು ಹರಿಯುತ್ತಲೇ ಹಿರೇಬೆಣಕಲ್ಲಿಗೆ ಬನ್ನಿ. ಆಟೋದವರ ಹತ್ತಿರ ವಾಪಸಿನ ಹೊತ್ತನ್ನೂ ಆಗಲೇ ಮಾತಾಡಿಕೊಳ್ಳಿ, ಮಧ್ಯಾಹ್ನದ ಬಿಸಿಲಲ್ಲಿ ಬುಡದಲ್ಲಿ ಗಾಡಿ ಕಾಯುವುದು ಹತ್ತಿದ್ದಕ್ಕಿಂತ ಸುಸ್ತು.

ಊರಿನಿಂದ ಒಬ್ಬರನ್ನು ಜೊತೆಗೆ ಕರೆದುಕೊಳ್ಳಲೇಬೇಕು, ಇದು ಸೌಜನ್ಯದ ಮಾತಲ್ಲ. ದನಗಾಹಿಗಳ ಕಾಲುಹಾದಿಗಳು ಹತ್ತಾರು ಇವೆ, ಎಲ್ಲವೂ ದಾರಿಯಂತೆಯೇ ಕಾಣುತ್ತವೆ. ಮೊಬೈಲಿನ ನಕ್ಷೆ ಸಮಾಧಿಗಳ ಗುಡ್ಡಕ್ಕೆ ಚುಕ್ಕೆ ತೋರಿಸುತ್ತದೆ, ಗವಿಗಳಿಗೆ ತೋರಿಸುವುದಿಲ್ಲ. ‘ಮೋರೇರ ಮನಿ’ ಅಂದರೆ ನೇರ ಮೇಲೆ ಕರೆದೊಯ್ಯುತ್ತಾರೆ. ಆದ್ದರಿಂದ ಹೊರಡುವ ಮುಂಚೆಯೇ ‘ಗವಿಯೊಳಗಿನ ಕೆಂಪು ಚಿತ್ರ ಮೊದಲು, ಮನಿ ಆಮೇಲೆ’ ಎಂದು ಬಿಡಿಸಿ ಹೇಳಿ. ದಿನಗೂಲಿಗಿಂತ ಕಡಿಮೆಯಿಲ್ಲದಂತೆ ಎಷ್ಟು ಅಂತ ಬುಡದಲ್ಲೇ ಮಾತಾಡಿ.

ನೀರು ತಲೆಗೆ 3 ಲೀಟರ್. ಬೆಂಗಳೂರಿನ ಲೆಕ್ಕದಲ್ಲಿ ಒಂದು ಲೀಟರ್ ಬಾಟಲಿ ಹಿಡಿದು ಬಂದವರು ಮಧ್ಯದಲ್ಲೇ ಹಿಂದಿರುಗುತ್ತಾರೆ. ಮೇಲೆ ಕೆರೆಯಂಥ ನೀರಿನ ಹೊಂಡ ಇದೆ, ಅದು ಕುಡಿಯುವುದಕ್ಕಲ್ಲ. ನವೆಂಬರಿನಿಂದ ಫೆಬ್ರುವರಿ ಸರಿಯಾದ ಕಾಲ. ಮಾರ್ಚ್ ನಂತರ ಬಂಡೆ ಹಗಲೆಲ್ಲ ಕುಡಿದ ಬಿಸಿಯನ್ನು ಸಂಜೆಯವರೆಗೂ ಉಗುಳುತ್ತಿರುತ್ತದೆ, ನೆರಳಿದ್ದರೂ ಸುಡುತ್ತದೆ. ಮಳೆಗಾಲದಲ್ಲಿ ಹಸಿರೇನೋ ಚೆಂದ, ಆದರೆ ಬಂಡೆಯ ಮೇಲಿನ ಕಪ್ಪು ಪಾಚಿ ನೆನೆದರೆ ಯಾವ ಶೂ ಹಾಕಿದರೂ ಒಂದೇ.

ಜಾರುವುದು ಹತ್ತುವಾಗ ಅಲ್ಲ, ಇಳಿಯುವಾಗ. ಗ್ರಾನೈಟ್ ಉದುರಿಸಿದ ಗರಸು ಇಳಿಜಾರಿನ ಬಂಡೆಯ ಮೇಲೆ ರಾಗಿ ಚೆಲ್ಲಿದಂತೆ ಬಿದ್ದಿರುತ್ತದೆ. ಕಾಲಿಟ್ಟರೆ ಪ್ರತಿ ಹರಳೂ ಒಂದು ಚಕ್ರ. ಹಿಮ್ಮಡಿ ಊರಿ ಹಿಂದಕ್ಕೆ ವಾಲಿದವರು ಬೀಳುತ್ತಾರೆ. ಮಂಡಿ ಸ್ವಲ್ಪ ಬಗ್ಗಿಸಿ ಪಾದ ಪೂರ್ತಿ ಊರಿ, ಗರಸಿಲ್ಲದ ಬರಿ ಕಲ್ಲನ್ನೇ ಆರಿಸಿ. ಗಟ್ಟಿ ಅಟ್ಟೆಯ ದಪ್ಪ ಬೂಟಿಗಿಂತ ಮೆತ್ತನೆ ರಬ್ಬರ್ ಅಟ್ಟೆಯ ಶೂ ಬಂಡೆಗೆ ಹೆಚ್ಚು ಅಂಟುತ್ತದೆ. ಕಾರೆ ಮುಳ್ಳು, ಜಾಲಿ ಎಲ್ಲ ಕಡೆ ಇವೆ, ತೋಳು ಮುಚ್ಚುವ ಅಂಗಿ ಹಾಕಿ. ಕಾಣದ ಸಂದಿಗೆ ಕೈ ಹಾಕಿ ಮೇಲೆ ಹತ್ತಬೇಡಿ. ಕೊಳಕುಮಂಡಲ, ಗರಗಸಮಂಡಲ ಎರಡಕ್ಕೂ ಇದು ಒಗ್ಗಿದ ನೆಲ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಎಲ್ಲ ಬಿಟ್ಟು, ಕಚ್ಚಿದ ಭಾಗವನ್ನು ಅಲ್ಲಾಡಿಸದೆ ಗಂಗಾವತಿಯ ಆಸ್ಪತ್ರೆಗೆ ಹೊರಡುವುದೊಂದೇ ಕೆಲಸ.

ಇನ್ನು ಕರಡಿ ಮತ್ತು ಹೆಜ್ಜೇನು. ಇವೆರಡರ ಬೇಡಿಕೆ ಒಂದಕ್ಕೊಂದು ಉಲ್ಟಾ. ದರೋಜಿ ಕರಡಿಧಾಮ ತುಂಗಭದ್ರಾ ನದಿಯ ಆಚೆ ಇದ್ದರೂ ಕರಡಿಗಳು ಫಲಕ ಓದಿ ಓಡಾಡುವುದಿಲ್ಲ, ಈ ಸೀಮೆಯ ಗುಡ್ಡಗಳೆಲ್ಲ ಅವುಗಳವೇ. ರಾತ್ರಿ ಮೇದು ಬೆಳಗಿನ ಜಾವ ತಂಪು ಸಂದಿಗೆ ಮರಳುತ್ತವೆ. ಮನುಷ್ಯ ಸದ್ದಿಲ್ಲದೆ ಎದುರಾದರೆ ಹಾಯುತ್ತವೆ, ದೂರದಿಂದ ಸದ್ದು ಕೇಳಿದರೆ ಜಾಗ ಬಿಡುತ್ತವೆ. ಹೆಜ್ಜೇನಿಗೋ, ಗೂಡಿನ ಹತ್ತಿರ ಗಲಾಟೆಯೂ ಆಗದು, ಹೊಗೆ, ಅತ್ತರು, ಡ್ರೋನ್ ಯಾವುದೂ ಆಗದು. ಗವಿಗೆ ಮೂವತ್ತು ನಲವತ್ತು ಮೀಟರ್ ಇರುವಾಗಲೇ ಜೋರಾಗಿ ಮಾತಾಡುತ್ತಾ ಬನ್ನಿ, ಕೋಲಿನಿಂದ ಬಂಡೆ ಬಡಿಯಿರಿ. ಅಲ್ಲಿ ನಿಂತು ಸೂರಿನಂಥ ಅಂಚನ್ನೆಲ್ಲ ಕಣ್ಣಾಡಿಸಿ. ಕಪ್ಪಗೆ ಹಲಗೆ ನೇತುಹಾಕಿದಂತೆ ಗೂಡು ಕಂಡರೆ, ಅದರಲ್ಲೂ ಅದರ ಮೈ ಅಲೆಯಂತೆ ಮಿರಮಿರ ಆಡುತ್ತಿದ್ದರೆ, ಆ ಗವಿ ಅವತ್ತಿಗೆ ಇಲ್ಲ ಅಂದುಕೊಳ್ಳಿ. ಗೂಡಿಲ್ಲದಿದ್ದರೆ ಮಾತು ನಿಲ್ಲಿಸಿ ಒಳಗೆ ನಡೆಯಿರಿ. ಹುತ್ತ ತೋಡಿದ ಹೊಸ ಗುಂಡಿ, ಬೀಜ ತುಂಬಿದ ಹಿಕ್ಕೆ ಬಾಗಿಲಲ್ಲೇ ಕಂಡರೂ ಒಳಗೆ ಹೋಗಬೇಡಿ. ಜೇನು ಎದ್ದೇಬಿಟ್ಟರೆ ಮುಖ ಮುಚ್ಚಿಕೊಂಡು ಓಡುವುದೇ ಸರಿ. ನಿಂತು ಕೈ ಬೀಸಿದಷ್ಟೂ, ಹೊಡೆದು ಸಾಯಿಸಿದಷ್ಟೂ ಆ ವಾಸನೆಗೆ ಇನ್ನಷ್ಟು ಬರುತ್ತವೆ. ನೀರಿಗೆ ಹಾರಬೇಡಿ, ತಲೆ ಎತ್ತುವುದನ್ನೇ ಮೇಲೆ ಕಾಯುತ್ತಿರುತ್ತವೆ.

ಈಗ ಚಿತ್ರ ನೋಡುವುದು. ಒಳಗೆ ಬಂದ ತಕ್ಷಣ ಗೋಡೆ ನೋಡಬೇಡಿ. ಬೆನ್ನು ಬೆಳಕಿಗೆ ಮಾಡಿ ಕೂತು ಐದರಿಂದ ಹತ್ತು ನಿಮಿಷ ಸುಮ್ಮನಿರಿ. ಬಿಸಿಲ ಬಂಡೆಯ ಪ್ರಖರತೆಗೆ ಹೊಂದಿಕೊಂಡ ಕಣ್ಣಿಗೆ ಕಂದು ಕಲ್ಲಿನ ಮೇಲಿನ ಕಾವಿ ಬಣ್ಣ ಬೇರೆಯಾಗಿ ಕಾಣುವುದೇ ಇಲ್ಲ, ಎರಡೂ ಒಂದೇ ಕತ್ತಲು. ಟೋಪಿಯ ಅಂಚು ಇಳಿಸಿಕೊಳ್ಳಿ. ಛತ್ರಿ ಇದ್ದರೆ ಹೊರಗಿನ ಬೆಳಕಿಗೆ ಅಡ್ಡ ಹಿಡಿಯಿರಿ. ಮೋಡದ ದಿನ ಸಿಕ್ಕರೆ ಪುಣ್ಯ, ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬರುತ್ತದೆ. ಗೋಡೆಯ ಮೇಲೆ ನೇರ ಬಿಸಿಲು ಬಿದ್ದಿದ್ದರೆ ಆ ಹೊತ್ತಿಗೆ ಅದನ್ನು ಬಿಟ್ಟು ಬೇರೆ ಗೋಡೆಗೆ ಹೋಗಿ, ಹರಳುಗಳ ಮಿನುಗಿನಲ್ಲಿ ಬಣ್ಣ ಮುಳುಗಿರುತ್ತದೆ.

ಆಮೇಲೆ ಗೋಡೆಗೆ ಮೂಗು ತಾಗಿಸುವುದಲ್ಲ, ಮೂರು ಮೀಟರ್ ಹಿಂದೆ ಸರಿದು ನೋಡಿ. ಹತ್ತಿರದಿಂದ ಕೆಂಪು ಚುಕ್ಕೆಗಳಷ್ಟೇ, ದೂರದಿಂದ ಗೂಳಿಯ ಬೆನ್ನು. ಎದೆಮಟ್ಟದಿಂದ ತಲೆಗಿಂತ ಸ್ವಲ್ಪ ಮೇಲಿನವರೆಗಿನ ಒಳಗೋಡೆ ಮೊದಲು, ಚಾವಣಿಯ ನಯವಾದ ಭಾಗ ಆಮೇಲೆ. ಚಾವಣಿಯನ್ನು ನಿಂತು ಕತ್ತೆತ್ತಿ ನೋಡುವುದು ದಂಡ, ಚಾಪೆ ಹಾಸಿ ಮಲಗಿ. ಒಂದು ರೂಪ ಸಿಕ್ಕಿತೆಂದರೆ ಅದರ ಪಕ್ಕದ್ದು ತಾನಾಗಿ ಎದ್ದು ಬರುತ್ತದೆ. ಮೊದಲನೆಯದಕ್ಕೇ ಕಷ್ಟ. ಅದಕ್ಕೆ ಉಪಾಯ, ದೇಹ ಹುಡುಕದೆ ಕೊಂಬು, ಡುಬ್ಬ, ಕಾಲು ಹುಡುಕುವುದು. ಡುಬ್ಬದ ಗೂಳಿ, ದನ, ಜಿಂಕೆ, ನವಿಲು, ಕುದುರೆ, ಕೈ ಹಿಡಿದು ಸಾಲಾಗಿ ಕುಣಿಯುವವರು, ಆಯುಧ ಹಿಡಿದವರು, ಇದೇನು ಎಂದು ಹೇಳಲಾಗದ ಗೆರೆ-ಚೌಕದ ವಿನ್ಯಾಸ, ಇಲ್ಲಿನ ಚಿತ್ರಗಳು ಇವು.

ಕಣ್ಣಿಗೆ ಮೋಸ ಮಾಡುವವು ಬಹಳ. ಕಲ್ಲಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಇಳಿದ ಕೆಂಪು ಕಲೆ ಮೊದಲನೆಯದು. ಅದು ಬಿರುಕಿನಿಂದ ಹೊರಟು ನೀರು ಹರಿದ ದಿಕ್ಕಿಗೇ ಇಳಿಯುತ್ತದೆ, ಅಂಚು ಮಬ್ಬಾಗಿರುತ್ತದೆ. ಬರೆದ ಗೆರೆ ಬಿರುಕನ್ನೂ ಹರಳನ್ನೂ ಲೆಕ್ಕಿಸದೆ ದಾಟುತ್ತದೆ, ಅದರ ಅಗಲ ಹೆಚ್ಚುಕಮ್ಮಿ ಬೆರಳಗಲವೇ ಉಳಿಯುತ್ತದೆ. ಬೆರಳಿನಿಂದಲೋ, ಬೇವಿನಕಡ್ಡಿ ಜಗಿದಂತೆ ನಾರು ಬಿಡಿಸಿದ ಕಡ್ಡಿಯಿಂದಲೋ ಎಳೆದರೆ ಬರುವ ಅಗಲ ಅದು. ಕಿತ್ತಳೆ ಬಣ್ಣದ ಕಲ್ಲುಹೂವು, ಬಿದ್ದುಹೋದ ಜೇನುಗೂಡಿನ ಮೇಣದ ಅರ್ಧಚಂದ್ರ, ಬಾವಲಿ ಮೂತ್ರದ ಪಟ್ಟಿ, ಕುರಿಗಾಹಿಗಳ ಒಲೆಯ ಮಸಿ, ಇವುಗಳಲ್ಲೆಲ್ಲ ಪ್ರಾಣಿ ಕಾಣತೊಡಗಿದರೆ ನೀರು ಕುಡಿದು ಸ್ವಲ್ಪ ಹೊತ್ತು ಹೊರಗೆ ನೋಡಿ.

ಕೆಂಪು ಯಾಕೆ ಉಳಿಯಿತು? ಕೆಮ್ಮಣ್ಣು ಅಂದರೆ ಕಬ್ಬಿಣದ ಆಕ್ಸೈಡ್. ಅದು ಆಗಲೇ ತುಕ್ಕು, ಇನ್ನು ಹಿಡಿಯಲು ತುಕ್ಕಿಲ್ಲ. ಬೆಳಕಿಗೆ ಮಾಸುವುದಿಲ್ಲ. ನುಣ್ಣಗೆ ಅರೆದದ್ದು ಕಲ್ಲಿನ ಸಣ್ಣ ರಂಧ್ರಗಳಲ್ಲಿ ಕೂತು ಕಲ್ಲಿನದೇ ಭಾಗ ಆಗಿಬಿಡುತ್ತದೆ. ಬಿಳಿ ಬಣ್ಣ ಹಾಗಲ್ಲ, ಮೇಲೆ ಪದರವಾಗಿ ನಿಂತು ಚಕ್ಕೆ ಏಳುತ್ತದೆ. ಈ ಸೀಮೆಯಲ್ಲಿ ಕೆಮ್ಮಣ್ಣಿಗೆ ಬರವೂ ಇಲ್ಲ, ಹೊಳೆಯಾಚೆ ಸಂಡೂರಿನ ಗುಡ್ಡಗಳೇ ಕೆಂಪು.

ಕಾಲ ಎಷ್ಟು ಅನ್ನುವುದು ಎಲ್ಲರ ಪ್ರಶ್ನೆ. ಕೆಮ್ಮಣ್ಣಿನಲ್ಲಿ ಇಂಗಾಲ ಇಲ್ಲ, ಹಾಗಾಗಿ ಚಿತ್ರವನ್ನೇ ಕೆರೆದು ರೇಡಿಯೋಕಾರ್ಬನ್ ಪರೀಕ್ಷೆ ಮಾಡಿ ವರ್ಷ ಹೇಳಲಾಗುವುದಿಲ್ಲ. ‘ಹತ್ತು ಸಾವಿರ ವರ್ಷ ಹಳೆಯದು’ ಎಂದು ಯಾರಾದರೂ ಗೋಡೆ ತೋರಿಸಿ ಹೇಳಿದರೆ ನಕ್ಕು ಸುಮ್ಮನಾಗಿ. ಓದಬೇಕಾದದ್ದು ಪದರ ಮತ್ತು ವಸ್ತು. ಎರಡು ಗೆರೆ ಕೂಡುವಲ್ಲಿ ಯಾವುದು ಮೇಲೆ ಹಾದಿದೆಯೋ ಅದು ಆಮೇಲಿನದು. ಉದ್ದ ಕೊಂಬಿನ ಡುಬ್ಬದ ದನಗಳನ್ನು ಸಾಮಾನ್ಯವಾಗಿ ನವಶಿಲಾಯುಗದ, ಅಂದರೆ ಕಬ್ಬಿಣಕ್ಕಿಂತ ಮುಂಚಿನ ನಯಗಲ್ಲಿನ ಆಯುಧಗಳ ಕಾಲದ, ದನಗಾಹಿಗಳಿಗೆ ಸೇರಿಸುತ್ತಾರೆ. ಬಳ್ಳಾರಿ ಕಡೆಯ ಕುಡತಿನಿಯಲ್ಲಿ ಸಗಣಿ ಸುಟ್ಟ ಬೂದಿದಿಬ್ಬ ಬಿಟ್ಟುಹೋದವರು, ಹುರುಳಿ, ಹೆಸರುಕಾಳು, ಕೊರಲೆ ಎಂಬ ಸಿರಿಧಾನ್ಯ ಬೆಳೆದವರು ಅದೇ ಬಳಗ. ಕುದುರೆ ಸವಾರ, ಕತ್ತಿ ಕಂಡರೆ ಕಬ್ಬಿಣದ ಕಾಲಕ್ಕೋ ಅದರ ಆಚೆಗೋ ಬನ್ನಿ. ಅಂದರೆ ಒಂದೇ ಗೋಡೆಯ ಮೇಲೆ ಸಾವಿರ ವರ್ಷಕ್ಕಿಂತ ಹೆಚ್ಚು ಅಂತರದ ಕೈಗಳು ಇರಬಹುದು. ಮೇಲಿನ ಸಮಾಧಿ ಕಟ್ಟಿದವರೇ ಇವನ್ನೆಲ್ಲ ಬರೆದರು ಎಂದು ಒಂದೇ ಏಟಿಗೆ ಹೇಳಿಬಿಡುವುದು ತಪ್ಪು.

ಫೋಟೋ. ಫ್ಲ್ಯಾಷ್ ಬೇಡ. ಅದರಿಂದ ಕೆಮ್ಮಣ್ಣು ಹಾಳಾಗುತ್ತದೆ ಅಂತಲ್ಲ, ಹರಳುಗಳ ಮೇಲೆ ಬಿಳಿ ಹೊಳಪು ಬಂದು ಚಿತ್ರವೇ ಬರುವುದಿಲ್ಲ. ಮೊಬೈಲನ್ನು ಕಲ್ಲಿಗೆ ಒರಗಿಸಿ, ಐಎಸ್‌ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಕಡಿಮೆ ಇಟ್ಟು, ಸಾಧ್ಯವಿದ್ದರೆ ರಾ (RAW) ಎಂಬ ಕುಗ್ಗಿಸದ ಫೈಲಿನಲ್ಲೇ ತೆಗೆಯಿರಿ. ಗೋಡೆಗೆ ತಾಗದಂತೆ ಕೆಳಗೆ 10 ಸೆಂ.ಮೀ. ಅಳತೆಪಟ್ಟಿ ಇಡಿ. ಮನೆಗೆ ಬಂದ ಮೇಲೆ ಡಿ-ಸ್ಟ್ರೆಚ್ ಎಂಬ ತಂತ್ರಾಂಶದಲ್ಲಿ ಹಾಕಿ. ಜಾನ್ ಹಾರ್ಮನ್ ಬರೆದದ್ದು, ಇಮೇಜ್-ಜೆ ಎಂಬ ಚಿತ್ರ ಪರಿಶೀಲನೆಯ ತಂತ್ರಾಂಶದ ಮೇಲೆ ಕೂರುತ್ತದೆ, ಬಂಡೆಚಿತ್ರ ಅಧ್ಯಯನ ಮಾಡುವವರ ಭೂತಗನ್ನಡಿ. ಬಣ್ಣಗಳ ಸಣ್ಣ ವ್ಯತ್ಯಾಸವನ್ನು ಎಳೆದು ಹಿಗ್ಗಿಸುತ್ತದೆ. ಕೆಂಪಿಗೆ ಎಲ್‌ಆರ್‌ಇ, ವೈಆರ್‌ಇ ಆಯ್ಕೆಗಳನ್ನು ಮೊದಲು ನೋಡಿ. ಕಣ್ಣಿಗೆ ಒಂದು ಗೂಳಿ ಕಂಡ ಕಡೆ ಮೂರು ಸಿಕ್ಕುವುದು ಅಪರೂಪವಲ್ಲ. ಆದರೆ ತುಕ್ಕಿನ ಕಲೆಯೂ ಅಷ್ಟೇ ಕೆಂಪಾಗಿ ಏಳುತ್ತದೆ, ಮೇಲೆ ಹೇಳಿದ ಅಂಚಿನ ಪರೀಕ್ಷೆ ಇಲ್ಲೂ ಬೇಕು. ವಾಟ್ಸ್ಆ್ಯಪಿನಲ್ಲಿ ಬಂದ ಚಿತ್ರವನ್ನು ಹಾಕಬೇಡಿ. ಕುಗ್ಗಿಸಿದ ಜೆಪೆಗ್ಗಿನ ಚೌಕಚೌಕಗಳು ಹಿಗ್ಗಿ ಹೊಸ ‘ವಿನ್ಯಾಸ’ ಹುಟ್ಟುತ್ತದೆ.

ಚಿತ್ರ ಎದ್ದು ಕಾಣಲಿ ಅಂತ ನೀರು ಚಿಮುಕಿಸುವ ಚಾಳಿ ಒಂದಿದೆ, ಜೊತೆಗೆ ಬಂದವರೇ ಪ್ರೀತಿಯಿಂದ ಮಾಡಿಬಿಡುತ್ತಾರೆ. ಮೊದಲೇ ತಡೆಯಿರಿ. ರಂಧ್ರಕ್ಕೆ ನೀರು ತುಂಬಿದಾಗ ಬಣ್ಣ ಗಾಢವಾಗುವುದು ನಿಜ, ಅರ್ಧ ಗಂಟೆಯ ಮಟ್ಟಿಗೆ. ಆ ನೀರು ಕಲ್ಲಿನೊಳಗಿನ ಉಪ್ಪನ್ನು ಕರಗಿಸಿಕೊಂಡು ಆರುವಾಗ ಮೇಲಕ್ಕೆ ತರುತ್ತದೆ. ಉಪ್ಪು ಹರಳಾಗಿ ಬಣ್ಣದ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಇಲ್ಲವೇ ಹಿಗ್ಗಿ ಚಕ್ಕೆಯನ್ನೇ ಎಬ್ಬಿಸುತ್ತದೆ. ಸೀಮೆಸುಣ್ಣದಲ್ಲಿ ಅಂಚು ತಿದ್ದುವುದು, ಎಣ್ಣೆ ಸವರುವುದು, ಕೈಯಿಟ್ಟು ತೋರಿಸುವುದು ಎಲ್ಲ ಅದೇ ಜಾತಿ. ಸಂರಕ್ಷಿತ ಸ್ಮಾರಕವನ್ನು ಕೆಡಿಸಿದರೆ ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಯಡಿ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ನೆಲದಲ್ಲಿ ಒಳಗೆ ಕಪ್ಪು ಹೊರಗೆ ಕೆಂಪು ಮಡಕೆಚೂರು ಸಿಕ್ಕರೂ ಇದ್ದಲ್ಲೇ ಬಿಡಿ. ಜೇಬಿಗೆ ಹಾಕಿದರೆ ಅದು ಬರೀ ಚೂರು, ಎಲ್ಲಿತ್ತು ಅನ್ನುವುದರಲ್ಲೇ ಅದರ ಬೆಲೆ. ಕೂತ ಬಂಡೆಯ ಮೈಯನ್ನೂ ಒಮ್ಮೆ ತಡವಿ ನೋಡಿ. ಅಂಗೈ ಹಿಡಿಸುವಷ್ಟು ನುಣುಪಾದ ತಗ್ಗು ಇದ್ದರೆ ಅರೆದ ಜಾಗ, ಬಟ್ಟಲಿನಂಥ ಸಣ್ಣ ಗುಳಿ ಇದ್ದರೆ ಕುಟ್ಟಿದ ಜಾಗ.

ಇದೆಲ್ಲ ಮುಗಿದ ಮೇಲೆ ಸಮಾಧಿಗಳಿಗೆ ಹತ್ತಿ. ಅವುಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ, ಒಂದೆರಡು ಮಾತು ಸಾಕು. ಚಪ್ಪಡಿಗಳು ಅಷ್ಟು ತೆಳ್ಳಗೆ ಸಿಕ್ಕಿದ್ದು ಗ್ರಾನೈಟ್ ಈರುಳ್ಳಿಯಂತೆ ಪದರಪದರವಾಗಿ ಬಿಡುವ ಗುಣದಿಂದ. ಮೇಲಿನ ನೀರಿನ ಹೊಂಡ ಆ ಕಲ್ಲು ಎಬ್ಬಿಸಿದ ಗಣಿ. ಒರಗಿ ನಿಂತ ಚಪ್ಪಡಿಗಳಿಗೆ ಬೆನ್ನು ಕೊಡಬೇಡಿ, ನಿಧಿಯಾಸೆಗೆ ಬುಡ ತೋಡಿದವು ಹಲವು ಇವೆ, ಯಾವುದು ಗಟ್ಟಿ ಅಂತ ನೋಡಿದರೆ ತಿಳಿಯುವುದಿಲ್ಲ. ಸುಮಾರು 10 ಮೀಟರ್ ಎತ್ತರದ ಗುಂಡಿನ ಮೇಲೆ ಕೂತ ನಗಾರಿ ಕಲ್ಲನ್ನು ಬಾರಿಸಿದರೆ ಒಂದು ಕಿ.ಮೀ. ಆಚೆಗೂ ಕೇಳುತ್ತದಂತೆ. ಕೆಳಗಿನಿಂದ ನೋಡಿ ಸಾಕು.

ಇಳಿಯುವಾಗ ಬೆಳಗ್ಗೆ ಕೂತ ಗವಿಯಲ್ಲೇ ಇನ್ನೊಮ್ಮೆ ಹತ್ತು ನಿಮಿಷ ಕೂರಿ. ಬೆಳಕಿನ ದಿಕ್ಕು ಬದಲಾಗಿರುತ್ತದೆ, ಬೆಳಗ್ಗೆ ಹೊಳಪಿನಲ್ಲಿ ಮುಳುಗಿದ್ದ ಮೂಲೆ ಈಗ ನೆರಳಿನಲ್ಲಿರುತ್ತದೆ. ಬರೆದುಕೊಂಡಿದ್ದ ಪಟ್ಟಿಗೆ ಒಂದೆರಡು ಸೇರುವುದುಂಟು, ಗೂಳಿ ಅಂದುಕೊಂಡಿದ್ದು ಬರೀ ತುಕ್ಕು ಎಂದು ಹೊಡೆದು ಹಾಕಬೇಕಾಗುವುದೂ ಉಂಟು. ನಾಲ್ಕೂವರೆಗೆ ಎದ್ದುಬಿಡಿ. ಐದೂವರೆಯ ಮೇಲೆ ಆ ಹಾದಿ ಕರಡಿಯದು.